ಹಕ್ಕಿಗಳನ್ನು ಕಾಗದದಲ್ಲಿ ಉಳಿಸಿದ ತರುಣ – ಜಾರ್ಜ್ ಫಾರ್ಸ್ಟರ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ನನ್ನನ್ನು ಕೇಳಿಕೊಂಡರು. ಶಾಲೆಯ ಸ್ಥಾಪಕರನ್ನೂ ದಾನಿಗಳನ್ನೂ ಕುರಿತು ಬರೆಯಲು ನನಗಿಂತ ಹೆಚ್ಚು ಬಲ್ಲವರಿದ್ದಾರೆ. ಆದುದರಿಂದ ನಾನು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಈ ಶಾಲೆಯ ಮಕ್ಕಳಿಗೆ, ಬಿಡುವು ದೊರೆತಾಗಲೆಲ್ಲ, ಹೇಳುತ್ತ ಬಂದ ಒಂದು ಜೀವನಕಥೆಯನ್ನು ಇಲ್ಲಿ ಕ್ರಮವಾಗಿ ಬರೆದಿಡಲು ಬಯಸುತ್ತೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇದರ ತುಣುಕುಗಳು ನೆನಪಿರಬಹುದು. ಆದರೆ ಪೂರ್ಣ ಕಥೆಯನ್ನು ಒಂದು ಪೀರಿಯಡ್ಡಿನಲ್ಲಿ ಹೇಳಿ ಮುಗಿಸಲು ನನಗೆ ಎಂದೂ ಸಾಧ್ಯವಾಗಲಿಲ್ಲ.

ಈ ಕಥೆಯ ನಾಯಕನು ಹದಿನೇಳನೆಯ ವಯಸ್ಸಿನಲ್ಲಿ ಹಡಗನ್ನೇರಿ, ಮೂರು ವರ್ಷಗಳ ಕಾಲ ಭೂಮಂಡಲವನ್ನು ಸುತ್ತಿ, ಕಂಡ ಹಕ್ಕಿಗಳನ್ನು ಕಂಡಂತೆಯೇ ಚಿತ್ರಿಸಿದನು. ಅವುಗಳಲ್ಲಿ ಕೆಲವು ಹಕ್ಕಿಗಳು ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಅವುಗಳ ಗರಿಯೊಂದೂ ಯಾವ ವಸ್ತುಸಂಗ್ರಹಾಲಯದಲ್ಲಿಯೂ ಉಳಿದಿಲ್ಲ. ಅವು ಒಂದು ಕಾಲದಲ್ಲಿ ಇದ್ದುವು, ಹೀಗಿದ್ದುವು ಎಂಬುದಕ್ಕೆ ಈ ತರುಣನ ಚಿತ್ರಗಳೇ ಮುಖ್ಯ ಸಾಕ್ಷಿ.

ಗಡಿನಾಡಿನ ಬಾಲಕ

ಜಾರ್ಜ್ ಫಾರ್ಸ್ಟರನು 1754ರ ನವೆಂಬರ್ 27ರಂದು ಬಾಲ್ಟಿಕ್ ಸಮುದ್ರ ತೀರದ ಡಾನ್‌ಜಿಗ್ ಪಟ್ಟಣದ ಸಮೀಪದ ನಾಸೆನ್‌ಹೂಬೆನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅದು ಪೋಲೆಂಡಿನ ಅರಸನ ಅಧೀನದಲ್ಲಿದ್ದ ನಾಡು. ಆದರೆ ಅವನ ಮನೆಯ ಮಾತು ಜರ್ಮನ್. ವಂಶದ ಮೂಲಪುರುಷರು ಬ್ರಿಟನ್ನಿನಿಂದ ವಲಸೆ ಬಂದವರು. ಆಡಳಿತದ ಭಾಷೆಯೊಂದು, ಮನೆಯ ಭಾಷೆಯೊಂದು ಎಂಬ ಸ್ಥಿತಿ ಏನೆಂಬುದನ್ನು ಕಾಸರಗೋಡಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಂತಹ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ಭಾಷೆಗಳು ಬೇಗನೆ ಒಲಿಯುತ್ತವೆ ಎಂಬುದನ್ನೂ ನಾವು ಬಲ್ಲೆವು.

ತಂದೆ ಯೊಹಾನ್ ರೈನ್‌ಹೋಲ್ಡ್ ಫಾರ್ಸ್ಟರನು ವೃತ್ತಿಯಿಂದ ಪಾದ್ರಿ, ಪ್ರವೃತ್ತಿಯಿಂದ ನಿಸರ್ಗಶಾಸ್ತ್ರಜ್ಞ. ಮಹಾ ಪಂಡಿತ; ಆದರೆ ಮುಂಗೋಪಿ, ಸಾಲಗಾರ, ಎಲ್ಲರೊಡನೆಯೂ ಜಗಳ ಕಾಯುವ ಸ್ವಭಾವದವನು. 1765ರಲ್ಲಿ ರಷ್ಯಾದ ಸರಕಾರವು ವೋಲ್ಗಾ ನದಿಯ ದಂಡೆಯಲ್ಲಿ ನೆಲೆಸಿದ್ದ ಜರ್ಮನ್ ವಲಸಿಗರ ಸ್ಥಿತಿಗತಿಯನ್ನು ಪರಿಶೀಲಿಸಲು ಆತನನ್ನು ನೇಮಿಸಿತು. ಹತ್ತು ವರ್ಷದ ಜಾರ್ಜನು ತಂದೆಯೊಡನೆ ಹೊರಟನು. ಸಾವಿರಾರು ಮೈಲಿಗಳ ಆ ಪ್ರಯಾಣದಲ್ಲಿ ಗಿಡವನ್ನು ಗುರುತಿಸುವುದು, ಹಕ್ಕಿಯನ್ನು ಅಳೆಯುವುದು, ಕಂಡುದನ್ನು ಅಂದೇ ಬರೆದಿಡುವುದು ಇವೆಲ್ಲವನ್ನೂ ಬಾಲಕನು ಕಲಿತನು. ಕ್ರಮವಾಗಿ ಶಾಲೆಗೆ ಹೋದ ದಿನಗಳು ಅವನ ಬಾಳಿನಲ್ಲಿ ಬಹಳ ಕಡಿಮೆ.

ತಂದೆಯು ರಷ್ಯಾದ ಅಧಿಕಾರಿಗಳೊಡನೆ ಮನಸ್ತಾಪ ಮಾಡಿಕೊಂಡು 1766ರಲ್ಲಿ ಮಗನೊಡನೆ ಇಂಗ್ಲೆಂಡಿಗೆ ಬಂದನು. ಅಲ್ಲಿ ಹೊಟ್ಟೆಪಾಡಿಗಾಗಿ ತಂದೆ ಮಕ್ಕಳು ಅನುವಾದದ ಕೆಲಸವನ್ನು ಹಿಡಿದರು. ಲೋಮೊನೋಸೊವ್ ಎಂಬ ರಷ್ಯನ್ ವಿದ್ವಾಂಸನು ಬರೆದ ರಷ್ಯಾದ ಇತಿಹಾಸವನ್ನು ಜಾರ್ಜನು ಇಂಗ್ಲಿಷಿಗೆ ತಂದಾಗ ಅವನಿಗೆ ಇನ್ನೂ ಹದಿಮೂರರ ಹರೆಯ. ನಮ್ಮಲ್ಲಿ ಆ ವಯಸ್ಸಿನ ಮಕ್ಕಳು ಏಳನೆಯ ಎಂಟನೆಯ ತರಗತಿಯಲ್ಲಿರುತ್ತಾರೆ.

ಹಡಗಿನ ಕರೆ

ಆ ಕಾಲದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ಕನ ಹೆಸರು ಯುರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಅವನ ಮೊದಲ ಸಾಗರಯಾನದಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಶ್ರೀಮಂತ ನಿಸರ್ಗಶಾಸ್ತ್ರಜ್ಞನು ತನ್ನ ಖರ್ಚಿನಲ್ಲಿಯೇ ಚಿತ್ರಕಾರರನ್ನು ಕರೆದೊಯ್ದಿದ್ದನು. ಅವರಲ್ಲಿ ಗಿಡಗಳನ್ನೂ ಪ್ರಾಣಿಪಕ್ಷಿಗಳನ್ನೂ ಬರೆದ ಸಿಡ್ನಿ ಪಾರ್ಕಿನ್‌ಸನ್ ಮನೆಗೆ ಮರಳಲಿಲ್ಲ. ಬಟೇವಿಯಾದಲ್ಲಿ ಹಡಗಿನವರಿಗೆ ತಗುಲಿದ ರೋಗಕ್ಕೆ ತುತ್ತಾಗಿ 1771ರ ಜನವರಿಯಲ್ಲಿ ನಡುಗಡಲಿನಲ್ಲಿಯೇ ತೀರಿಕೊಂಡನು. ಛಾಯಾಗ್ರಹಣವಿಲ್ಲದ ಆ ಕಾಲದಲ್ಲಿ ಇಂತಹ ಚಿತ್ರಕಾರನಿಲ್ಲದೆ ಅನ್ವೇಷಣೆಯೇ ಅಪೂರ್ಣ. ಮಾತಿನಲ್ಲಿ ಎಷ್ಟು ವರ್ಣಿಸಿದರೂ ಕಾಣದ ಹಕ್ಕಿಯೊಂದು ಓದುಗನ ಕಣ್ಣಮುಂದೆ ನಿಲ್ಲಲಾರದು.

1772ರಲ್ಲಿ ಎರಡನೆಯ ಯಾನಕ್ಕೆ ಸಿದ್ಧತೆ ನಡೆಯಿತು. ಬ್ಯಾಂಕ್ಸನು ತನ್ನ ಪರಿವಾರಕ್ಕಾಗಿ ಹಡಗಿನ ಮೇಲೆ ಹೆಚ್ಚಿನ ಕೋಣೆಗಳನ್ನು ಕಟ್ಟಿಸಿದನು. ಮೇಲ್ಭಾಗ ಭಾರವಾಗಿ ಹಡಗು ಸಮುದ್ರಯಾನಕ್ಕೆ ಅಯೋಗ್ಯವಾಯಿತು. ನೌಕಾಖಾತೆಯು ಅವುಗಳನ್ನು ಕೀಳಿಸಿತು; ಬ್ಯಾಂಕ್ಸನು ಕೋಪಿಸಿಕೊಂಡು ಯಾನವನ್ನೇ ತ್ಯಜಿಸಿದನು. ಆ ಸ್ಥಾನಕ್ಕೆ ಹಿರಿಯ ಫಾರ್ಸ್ಟರನನ್ನು ಅವಸರದಲ್ಲಿ ಆರಿಸಿದರು. ನಾಲ್ಕು ಸಾವಿರ ಪೌಂಡುಗಳ ಸಂಭಾವನೆ. ಮಗನನ್ನು ಚಿತ್ರಕಾರನನ್ನಾಗಿ ಕರೆದುಕೊಂಡು ಹೋಗಲು ತಂದೆಯು ಒಪ್ಪಿಗೆ ಪಡೆದನು. 1772ರ ಜುಲೈ 13ರಂದು ರೆಸಲ್ಯೂಷನ್ ಮತ್ತು ಅಡ್ವೆಂಚರ್ ಎಂಬ ಎರಡು ಹಡಗುಗಳು ಪ್ಲಿಮತ್ ಬಂದರಿನಿಂದ ಹೊರಟುವು. ನೋಟಗಳನ್ನು ಬರೆಯಲು ವಿಲಿಯಂ ಹಾಜಸ್ ಎಂಬ ಬೇರೊಬ್ಬ ಚಿತ್ರಕಾರನಿದ್ದನು. ಮುಂದೆ ನಮ್ಮ ಭಾರತಕ್ಕೂ ಬಂದು ಇಲ್ಲಿಯ ಕೋಟೆ ದೇಗುಲಗಳನ್ನು ಚಿತ್ರಿಸಿದವನು ಇವನೇ. ಪ್ರಾಣಿ, ಪಕ್ಷಿ, ಸಸ್ಯಗಳ ಹೊಣೆ ಜಾರ್ಜನದು.

ಚಿತ್ರ ಬರೆದ ಬಗೆ

ಈ ಕೆಲಸದ ಕಷ್ಟವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ದುರ್ಬೀನು ಹಿಡಿದು ದೂರದಿಂದ ಹಕ್ಕಿಯನ್ನು ನೋಡಿ ಬರೆಯುವ ಪದ್ಧತಿ ಅಂದು ಇರಲಿಲ್ಲ. ಹಕ್ಕಿಯನ್ನು ಕೋವಿಯಿಂದ ಹೊಡೆದು ತರುತ್ತಿದ್ದರು. ಸತ್ತ ಹಕ್ಕಿಯ ಗರಿಯ ಬಣ್ಣ ಬಹುಕಾಲ ನಿಲ್ಲುತ್ತದೆ. ಆದರೆ ಕಣ್ಣಿನ ಬಣ್ಣ, ಕೊಕ್ಕಿನ ಬಣ್ಣ, ಕಾಲಿನ ಬಣ್ಣ ಬೇಗನೆ ಮಾಸುತ್ತವೆ. ಬಿಸಿ ಪ್ರದೇಶದಲ್ಲಿ ಮರುದಿನಕ್ಕೆ ಹಕ್ಕಿಯೇ ಕೊಳೆಯುತ್ತದೆ. ಆದುದರಿಂದ ಹಕ್ಕಿ ಕೈಗೆ ಬಂದೊಡನೆ ಜಾರ್ಜನು ಪೆನ್ಸಿಲಿನಿಂದ ಅದರ ಆಕಾರವನ್ನು ಬರೆದು, ಮಾಸುವ ಬಣ್ಣಗಳನ್ನು ಮೊದಲು ದಾಖಲಿಸಿ, ಆಮೇಲೆ ಜಲವರ್ಣದಿಂದ ಚಿತ್ರವನ್ನು ತುಂಬಬೇಕಾಗಿತ್ತು. ಮಗನು ಚಿತ್ರಿಸುತ್ತಿದ್ದಂತೆ ತಂದೆಯು ಅದೇ ಹಕ್ಕಿಯನ್ನು ಅಳೆದು ಲ್ಯಾಟಿನ್ ಭಾಷೆಯಲ್ಲಿ ವರ್ಣನೆಯನ್ನು ಬರೆಯುತ್ತಿದ್ದನು. ಕೇಪ್ ಟೌನಿನಲ್ಲಿ ಲಿನೇಯಸನ ಶಿಷ್ಯನಾದ ಸ್ಪಾರ್‌ಮನ್ ಎಂಬ ಸ್ವೀಡನ್ನಿನ ವಿದ್ವಾಂಸನು ಇವರೊಡನೆ ಸೇರಿಕೊಂಡನು.

ಹಡಗಿನ ಕೋಣೆಯಾದರೋ ಇಕ್ಕಟ್ಟು, ಕತ್ತಲೆ. ನೀರು ಒಸರುತ್ತಿತ್ತು, ಕಾಗದಕ್ಕೆ ಬೂಷ್ಟು ಹಿಡಿಯುತ್ತಿತ್ತು. ಅಲೆಯ ಏರಿಳಿತದಲ್ಲಿ ಮೇಜಿನ ಮೇಲೆ ಬಣ್ಣದ ಬಟ್ಟಲು ನಿಲ್ಲುತ್ತಿರಲಿಲ್ಲ. ದ್ವೀಪಗಳಲ್ಲಿ ಹಡಗು ಕೆಲವೇ ದಿನ ತಂಗುತ್ತಿದ್ದುದರಿಂದ ಒಮ್ಮೆಲೇ ಹತ್ತಾರು ಹೊಸ ಜೀವಿಗಳು ಬಂದು ಬೀಳುತ್ತಿದ್ದುವು. ಅವನ ಅನೇಕ ಚಿತ್ರಗಳು ಅಪೂರ್ಣವಾಗಿ ಉಳಿದುದಕ್ಕೆ ಇದೇ ಕಾರಣ. ಕೆಲವೆಡೆ ತಲೆಗೆ ಮಾತ್ರ ಬಣ್ಣ, ಉಳಿದುದೆಲ್ಲ ಪೆನ್ಸಿಲಿನ ಗೆರೆ. ಆದರೂ ಕಾಣದುದನ್ನು ಊಹಿಸಿ ತುಂಬುವ ಚಪಲವನ್ನು ಅವನು ತೋರಲಿಲ್ಲ. ನನ್ನ ದೃಷ್ಟಿಯಲ್ಲಿ ಅವನ ದೊಡ್ಡ ಗುಣ ಇದೇ ಆಗಿದೆ.

ಹಿಮದ ನಡುವೆ, ದ್ವೀಪಗಳ ನಡುವೆ

1773ರ ಜನವರಿ 17ರಂದು ರೆಸಲ್ಯೂಷನ್ ಹಡಗು ದಕ್ಷಿಣ ಧ್ರುವವೃತ್ತವನ್ನು ದಾಟಿತು. ಮನುಷ್ಯರು ಆ ರೇಖೆಯನ್ನು ದಾಟಿದ ದಾಖಲೆ ಅದಕ್ಕೆ ಹಿಂದೆ ಇಲ್ಲ. ಸುತ್ತಲೂ ಮಂಜುಗಡ್ಡೆಯ ಬೆಟ್ಟಗಳು. ಅವುಗಳ ಮೇಲೆ ಪೆಂಗ್ವಿನ್‌ಗಳು, ಹಡಗಿನ ಹಿಂದೆ ಆಲ್ಬಟ್ರಾಸ್ ಮತ್ತು ಪೆಟ್ರೆಲ್ ಎಂಬ ಕಡಲಹಕ್ಕಿಗಳು. ಮರಗಟ್ಟಿದ ಬೆರಳುಗಳಿಂದಲೇ ಜಾರ್ಜನು ಅವುಗಳನ್ನು ಚಿತ್ರಿಸಿದನು.

ನಾಲ್ಕು ತಿಂಗಳು ನೆಲವನ್ನೇ ಕಾಣದೆ ತೇಲಿದ ಮೇಲೆ, ಮಾರ್ಚ್ ತಿಂಗಳಲ್ಲಿ ನ್ಯೂಜಿಲೆಂಡಿನ ಡಸ್ಕಿ ಸೌಂಡ್ ಎಂಬ ಕೊಲ್ಲಿಗೆ ಹಡಗು ಬಂದು ನಿಂತಿತು. ದಡದ ಮರವೊಂದು ನೀರಿನ ಮೇಲೆ ಅಡ್ಡಲಾಗಿ ಬಾಗಿ ಹಡಗಿಗೆ ಸೇತುವೆಯಂತಿತ್ತು. ಅಲ್ಲಿಯ ಹಕ್ಕಿಗಳಿಗೆ ಮನುಷ್ಯನ ಭಯವೇ ಇರಲಿಲ್ಲ; ತೀರ ಹತ್ತಿರಕ್ಕೆ ಬಂದು ಕುಳಿತುಕೊಳ್ಳುತ್ತಿದ್ದುವು. ಹಡಗಿನಲ್ಲಿದ್ದ ಬೆಕ್ಕೊಂದು ಪ್ರತಿದಿನ ಬೆಳಿಗ್ಗೆ ಆ ಮರದ ಸೇತುವೆಯನ್ನು ದಾಟಿ ಕಾಡಿಗೆ ಹೋಗಿ, ಅಂತಹ ಶತ್ರುವನ್ನು ಎಂದೂ ಕಂಡರಿಯದ ಪುಟ್ಟ ಹಕ್ಕಿಗಳನ್ನು ಮನಬಂದಂತೆ ಹಿಡಿದು ತಿನ್ನುತ್ತಿದ್ದುದನ್ನು ಜಾರ್ಜನು ಗಮನಿಸಿ ಬರೆದಿದ್ದಾನೆ. ಅಂದು ಅದೊಂದು ಸಣ್ಣ ಸಂಗತಿ. ಆ ದ್ವೀಪಗಳ ಹಕ್ಕಿಗಳಿಗೆ ಮುಂದೆ ಒದಗಿದ ದುರ್ಗತಿಯನ್ನು ಬಲ್ಲ ನಮಗೆ ಅದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ.

ಅಲ್ಲಿಂದ ತಾಹಿತಿ, ಟೊಂಗಾ. ಮತ್ತೆ ಹಿಮದ ಕಡೆಗೆ. 1774ರ ಜನವರಿ 30ರಂದು ಹಡಗು 71 ಡಿಗ್ರಿ ದಕ್ಷಿಣ ಅಕ್ಷಾಂಶವನ್ನೂ ಮೀರಿ ಹೋಗಿ, ಮುಂದೆ ದಾರಿಯಿಲ್ಲದೆ ತಿರುಗಿತು. ತಾಜಾ ಆಹಾರವಿಲ್ಲದೆ ಅನೇಕರಿಗೆ ಸ್ಕರ್ವಿ ರೋಗ. ಜಾರ್ಜನೂ ಅದರಿಂದ ನರಳಿದನು. ಕ್ಯಾಪ್ಟನ್ ಕುಕ್ಕನೇ ಹೊಟ್ಟೆಯ ಬೇನೆಯಿಂದ ಸಾಯುವ ಸ್ಥಿತಿಗೆ ಬಂದಾಗ, ಫಾರ್ಸ್ಟರರು ಸಾಕಿದ್ದ ನಾಯಿಯನ್ನೇ ಕೊಂದು ಅದರ ಮಾಂಸದ ಸಾರನ್ನು ಅವನಿಗೆ ಕುಡಿಸಿದರು. ಸಸ್ಯಾಹಾರಿಗಳಾದ ಓದುಗರು ಕ್ಷಮಿಸಬೇಕು. ಆ ಯಾನ ಎಂತಹುದೆಂದು ತಿಳಿಯಲು ಇಷ್ಟನ್ನು ಹೇಳಲೇಬೇಕಾಗಿದೆ.

1774ರ ಜೂನ್ 1ರಂದು ರೈಯಾಟಿಯ ಎಂಬ ದ್ವೀಪದಲ್ಲಿ ಜಾರ್ಜನು ಕಂದುಬಣ್ಣದ, ನಮ್ಮ ಮೈನಾದಷ್ಟು ದೊಡ್ಡದಾದ ಒಂದು ಹಕ್ಕಿಯನ್ನು ಚಿತ್ರಿಸಿದನು. ಆಗಸ್ಟಿನಲ್ಲಿ ಟಾನ್ನ ಎಂಬ ದ್ವೀಪದಲ್ಲಿ, ತಲೆ ಎದೆಗಳು ತುಕ್ಕಿನ ಬಣ್ಣದವೂ ರೆಕ್ಕೆಗಳು ಕಡುಹಸಿರಾದವೂ ಆದ ಒಂದು ನೆಲಪಾರಿವಾಳವನ್ನು ಚಿತ್ರಿಸಿದನು. ಹಿಂದಿನ ವರ್ಷ ತಾಹಿತಿಯಲ್ಲಿ ಕೆಂಪು ಕೊಕ್ಕಿನ, ಕಪ್ಪು ಬೆನ್ನಿನ ಮೇಲೆ ಬಿಳಿಯ ಚುಕ್ಕೆಗಳಿದ್ದ ನೆಲಕೋಳಿಯೊಂದನ್ನು ಬರೆದಿದ್ದನು. ಈ ಮೂರು ಹಕ್ಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಟಾನ್ನದಲ್ಲಿಯೇ ನಡೆದ ಇನ್ನೊಂದು ಘಟನೆಯು ಅವನ ಮನಸ್ಸನ್ನು ಕಲಕಿತು. ಒಂದು ದಿನ ಆತನು ಗುಡ್ಡದ ಮೇಲಿನ ತೋಟಗಳ ನಡುವೆ ಅಲೆದು, ದ್ವೀಪದ ಜನರ ಸೌಜನ್ಯವನ್ನು ಕಂಡು ಹಿಗ್ಗಿ, ಎರಡು ಜನಾಂಗಗಳ ನಡುವೆ ಸ್ನೇಹ ಬೆಳೆಯಿತೆಂಬ ಸಂತೋಷದಿಂದ ಕಡಲದಂಡೆಗೆ ಇಳಿದು ಬಂದನು. ಅಲ್ಲಿ ಹಡಗಿನ ಕಾವಲುಗಾರನೊಬ್ಬನು ಅದೇ ತಾನೆ ದ್ವೀಪವಾಸಿಯೊಬ್ಬನನ್ನು ಗುಂಡಿಟ್ಟು ಕೊಂದಿದ್ದನು. ಸ್ವಂತ ಹಡಗಿನವರ ಆ ಕೃತ್ಯವನ್ನು ಜಾರ್ಜನು ಮುಚ್ಚಿಡದೆ ಮುಂದೆ ತನ್ನ ಗ್ರಂಥದಲ್ಲಿ ಖಂಡಿಸಿದನು. ಹಕ್ಕಿಯನ್ನು ಇದ್ದಂತೆಯೇ ಬರೆದ ಕೈ ಮನುಷ್ಯರನ್ನೂ ಇದ್ದಂತೆಯೇ ಬರೆಯಿತು.

ಮರಳಿದ ಮೇಲೆ

1775ರ ಜುಲೈ 30ರಂದು, ಮೂರು ವರ್ಷಗಳ ಮೇಲೆ ಕೆಲವು ದಿನ ಕಳೆದು, ಹಡಗು ಇಂಗ್ಲೆಂಡಿಗೆ ಮರಳಿತು. ಯಾನದ ಅಧಿಕೃತ ವೃತ್ತಾಂತವನ್ನು ತಾನೇ ಬರೆಯಬೇಕೆಂದು ತಂದೆಯು ನಂಬಿದ್ದನು. ನೌಕಾಖಾತೆಯವರೊಡನೆ ವಿವಾದ ಬೆಳೆದು ಆ ಅವಕಾಶ ಅವನಿಗೆ ತಪ್ಪಿತು. ಒಪ್ಪಂದಕ್ಕೆ ಸಹಿ ಹಾಕಿದವನು ತಂದೆಯೇ ಹೊರತು ಮಗನಲ್ಲ. ಆದುದರಿಂದ ಜಾರ್ಜನು ಹಗಲಿರುಳು ಬರೆದು 1777ರ ಮಾರ್ಚಿನಲ್ಲಿ, ಕುಕ್ಕನ ಗ್ರಂಥಕ್ಕಿಂತ ಸುಮಾರು ಆರು ವಾರ ಮೊದಲೇ, ತನ್ನ ಪ್ರವಾಸ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಬರವಣಿಗೆ ಶ್ರೇಷ್ಠವಾಗಿದ್ದರೂ ಅದರಲ್ಲಿ ಚಿತ್ರಗಳಿರಲಿಲ್ಲ. ಕುಕ್ಕನ ಗ್ರಂಥದಲ್ಲಿ ಹಾಜಸನ ಸುಂದರ ಚಿತ್ರಗಳಿದ್ದುವು. ಪುಸ್ತಕ ಮಾರಾಟವಾಗಲಿಲ್ಲ. ಇಪ್ಪತ್ತೆರಡರ ಹರೆಯದಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ದೊರೆಯಿತು. ಮನೆಯ ಸಾಲ ಮಾತ್ರ ತೀರಲಿಲ್ಲ.

ಅಷ್ಟು ಕಷ್ಟದಿಂದ ಬರೆದ ಚಿತ್ರಗಳ ಗತಿ ಏನಾಯಿತು? ಅವುಗಳನ್ನು ಸೊಗಸಾಗಿ ಅಚ್ಚು ಹಾಕಿಸಬೇಕೆಂಬ ಆಸೆ ತಂದೆ ಮಕ್ಕಳಿಗೆ ಇತ್ತು. ಹಣವಿರಲಿಲ್ಲ. 1776ರಲ್ಲಿಯೇ ಆ ಚಿತ್ರಗಳನ್ನು ನಾನೂರು ಗಿನಿಗಳಿಗೆ ಜೋಸೆಫ್ ಬ್ಯಾಂಕ್ಸನಿಗೆ ಮಾರಿದರು. ಯಾವನು ಯಾನವನ್ನು ಬಿಟ್ಟುದರಿಂದ ಇವರಿಗೆ ಅವಕಾಶ ದೊರೆಯಿತೋ ಅವನ ಕಪಾಟಿಗೇ ಚಿತ್ರಗಳು ಸೇರಿದುವು. ಬ್ಯಾಂಕ್ಸನು ವಿದ್ವಾಂಸರಿಗೆ ತನ್ನ ಸಂಗ್ರಹವನ್ನು ಉದಾರವಾಗಿ ತೋರಿಸುತ್ತಿದ್ದನು. ಜಾನ್ ಲ್ಯಾಥಮ್ ಎಂಬ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞನು ಅವುಗಳನ್ನು ನೋಡಿ ತನ್ನ ಗ್ರಂಥದಲ್ಲಿ ಅನೇಕ ಹಕ್ಕಿಗಳನ್ನು ವರ್ಣಿಸಿದನು. ಆ ವರ್ಣನೆಗಳನ್ನು ಓದಿ ಗ್ಮೆಲಿನ್ ಎಂಬ ಜರ್ಮನ್ ಪಂಡಿತನು 1788-89ರಲ್ಲಿ ಲ್ಯಾಟಿನ್ ಹೆಸರುಗಳನ್ನಿಟ್ಟನು. ಶಾಸ್ತ್ರದ ನಿಯಮದಂತೆ ಆ ಹೆಸರುಗಳ ಮುಂದೆ ಇಂದಿಗೂ ನಿಲ್ಲುವುದು ಗ್ಮೆಲಿನ್ ಎಂಬ ಹೆಸರು. ತಂದೆಯು ಹಡಗಿನಲ್ಲಿಯೇ ಬರೆದ ಲ್ಯಾಟಿನ್ ವರ್ಣನೆಗಳು ಅಚ್ಚಾದುದು 1844ರಲ್ಲಿ. ಅಷ್ಟರಲ್ಲಿ ತಂದೆ ಮಕ್ಕಳಿಬ್ಬರೂ ಗತಿಸಿ ನಲವತ್ತೈದು ವರ್ಷಗಳಿಗೂ ಮೇಲಾಗಿತ್ತು.

ಶಾಕುಂತಲದ ಸಂಬಂಧ

1778ರಲ್ಲಿ ಜಾರ್ಜನು ಜರ್ಮನಿಗೆ ಹೋಗಿ, ಕಾಸೆಲ್ ನಗರದಲ್ಲಿ ಅಧ್ಯಾಪಕನಾದನು. ಸಾಲದಲ್ಲಿ ಮುಳುಗಿದ್ದ ತಂದೆಗೂ ಸ್ನೇಹಿತರ ನೆರವಿನಿಂದ ಹಾಲೆ ವಿಶ್ವವಿದ್ಯಾಲಯದಲ್ಲಿ ಕೆಲಸ ದೊರೆಯಿತು. 1784ರಿಂದ ಮೂರು ವರ್ಷ ಜಾರ್ಜನು ವಿಲ್ನಾದಲ್ಲಿ ಪಾಠ ಹೇಳಿದನು. 1785ರಲ್ಲಿ ತೆರೇಸಾ ಹೈನೆ ಎಂಬ ವಿದುಷಿಯೊಡನೆ ವಿವಾಹವಾಯಿತು. 1786ರಲ್ಲಿ ಮಾನವ ಜನಾಂಗಗಳ ಭೇದವನ್ನು ಕುರಿತು ಮಹಾ ತತ್ತ್ವಜ್ಞಾನಿ ಕಾಂಟನು ಬರೆದುದನ್ನು ಅವನು ಬಹಿರಂಗವಾಗಿ ವಿಮರ್ಶಿಸಿದನು. ಪ್ರತ್ಯಕ್ಷ ನೋಡಿದುದರ ಆಧಾರವಿಲ್ಲದೆ ಸಿದ್ಧಾಂತ ಕಟ್ಟಬಾರದೆಂಬುದೂ, ಇಂತಹ ಚರ್ಚೆಗಳು ಗುಲಾಮಗಿರಿಯ ಚಾವಟಿಯನ್ನು ತಡೆದಿಲ್ಲವೆಂಬುದೂ ಅವನ ವಾದದ ತಿರುಳು. 1788ರಲ್ಲಿ ಮೈಂಜ್ ನಗರದ ವಿಶ್ವವಿದ್ಯಾಲಯದ ಗ್ರಂಥಪಾಲಕನಾದನು. 1790ರಲ್ಲಿ ತರುಣ ಅಲೆಕ್ಸಾಂಡರ್ ಹುಂಬೋಲ್ಟನೊಡನೆ ರೈನ್ ನದೀ ಪ್ರದೇಶ ಮತ್ತು ಇಂಗ್ಲೆಂಡುಗಳಲ್ಲಿ ಸಂಚರಿಸಿದನು. ಮುಂದೆ ವಿಶ್ವವಿಖ್ಯಾತನಾದ ಹುಂಬೋಲ್ಟನು ಫಾರ್ಸ್ಟರನನ್ನು ತನ್ನ ಗುರುವೆಂದು ಸ್ಮರಿಸಿದನು.

ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದವನು. ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳ ಕನ್ನಡದ ಮೂಲಕವೇ ನನಗೆ ಶಾಕುಂತಲದ ಪರಿಚಯವಾದುದು. ಪೆಂಗ್ವಿನ್ ಬರೆದ ಈ ಹುಡುಗನಿಗೂ ಕಣ್ವಾಶ್ರಮದ ಶಕುಂತಲೆಗೂ ಸಂಬಂಧವಿದೆ ಎಂದು ಬಹುಕಾಲದ ಮೇಲೆ ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಸರ್ ವಿಲಿಯಂ ಜೋನ್ಸನು ಕಾಳಿದಾಸನ ನಾಟಕವನ್ನು ಇಂಗ್ಲಿಷಿಗೆ ಅನುವಾದಿಸಿ 1789ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ್ದನು. ಆ ಇಂಗ್ಲಿಷ್ ಪಾಠದಿಂದ ಫಾರ್ಸ್ಟರನು 1791ರಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದನು. ಮಹಾಕವಿ ಗಯಟೆಯು ಓದಿ ಮೆಚ್ಚಿ ಪದ್ಯ ಬರೆದುದು ಈ ಅನುವಾದವನ್ನೇ. ಜರ್ಮನಿಯಲ್ಲಿ ಸಂಸ್ಕೃತದ ಅಭಿರುಚಿ ಬೆಳೆಯಲು ಇದು ಮುಖ್ಯ ಕಾರಣವಾಯಿತು. ಆಶ್ರಮದ ಜಿಂಕೆಯನ್ನೂ ಬಳ್ಳಿಯನ್ನೂ ಒಡಹುಟ್ಟಿದವರಂತೆ ಕಂಡ ಕಾವ್ಯವು, ಜೀವಿಗಳನ್ನು ಅಷ್ಟು ಪ್ರೀತಿಯಿಂದ ನೋಡಿದವನ ಕೈಯಿಂದಲೇ ಆ ನಾಡನ್ನು ಸೇರಿದುದು ಉಚಿತವೇ ಆಗಿದೆ.

ಕೊನೆಯ ದಿನಗಳು

ಅವನ ಬಾಳಿನ ಕೊನೆ ದುಃಖದ್ದು. 1792ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಕ್ರಾಂತಿಸೇನೆಯು ಮೈಂಜ್ ನಗರವನ್ನು ಹಿಡಿಯಿತು. ಸಮಾನತೆಯ ತತ್ತ್ವವನ್ನು ನಂಬಿದ ಫಾರ್ಸ್ಟರನು ಕ್ರಾಂತಿಕಾರರೊಡನೆ ಸೇರಿದನು. 1793ರ ಮಾರ್ಚಿನಲ್ಲಿ ಅಲ್ಲಿ ಘೋಷಿತವಾದ ಗಣರಾಜ್ಯದ ಪ್ರತಿನಿಧಿಯಾಗಿ ಪ್ಯಾರಿಸ್ ನಗರಕ್ಕೆ ಹೋದನು. ಜುಲೈ ತಿಂಗಳಲ್ಲಿ ಮೈಂಜ್ ಮರಳಿ ಜರ್ಮನ್ ಅರಸರ ವಶವಾಯಿತು. ದೇಶದ್ರೋಹಿಯೆಂದು ಅವನಿಗೆ ಬಹಿಷ್ಕಾರ, ತಲೆಗೆ ಬೆಲೆ. ಪುಸ್ತಕ, ಟಿಪ್ಪಣಿಗಳೆಲ್ಲ ಹಿಂದೆಯೇ ಉಳಿದುವು. ಪತ್ನಿಯು ಅದಕ್ಕೆ ಮೊದಲೇ ಮಕ್ಕಳೊಡನೆ ಬೇರೆಯಾಗಿದ್ದಳು. 1793ರ ನವೆಂಬರಿನಲ್ಲಿ ಸ್ವಿಸ್ ಗಡಿಯ ಹಳ್ಳಿಯೊಂದರಲ್ಲಿ ಕೆಲವೇ ದಿನಗಳ ಮಟ್ಟಿಗೆ ಇಬ್ಬರು ಹೆಣ್ಣುಮಕ್ಕಳನ್ನು ನೋಡಿದನು. ಅದೇ ಕಡೆಯ ಭೇಟಿ. 1794ರ ಜನವರಿ 10ರಂದು ಪ್ಯಾರಿಸ್ಸಿನ ಬಾಡಿಗೆಯ ಕೋಣೆಯೊಂದರಲ್ಲಿ ಕಾಯಿಲೆಯಿಂದ ತೀರಿಕೊಂಡನು. ವಯಸ್ಸು ಮೂವತ್ತೊಂಬತ್ತು. ಜರ್ಮನಿಯಲ್ಲಿ ಬಹುಕಾಲ ಅವನ ಹೆಸರನ್ನು ಹೇಳುವವರು ವಿರಳವಾಗಿದ್ದರು. 1958ರಿಂದ ಬರ್ಲಿನ್ನಿನಲ್ಲಿ ಅವನ ಸಮಗ್ರ ಕೃತಿಗಳು ಪ್ರಕಟವಾಗತೊಡಗಿದುವು.

ಉಳಿದ ಚಿತ್ರಗಳು

ಇನ್ನು ಆ ಮೂರು ಹಕ್ಕಿಗಳ ವಿಷಯ. ತಾಹಿತಿಯ ನೆಲಕೋಳಿ, ರೈಯಾಟಿಯದ ಕಂದುಹಕ್ಕಿ, ಟಾನ್ನದ ಪಾರಿವಾಳ ಮೂರೂ ನಿರ್ನಾಮವಾಗಿವೆ. ಸಂಗ್ರಹಿಸಿ ತಂದ ಕಳೇಬರಗಳೂ ಇಂದು ಎಲ್ಲಿಯೂ ಇಲ್ಲ. ತಾಹಿತಿಯ ಇನ್ನೊಂದು ಹಕ್ಕಿಯಾದ ಮರಳುಪೀಪಿಯ ಒಂದೇ ಒಂದು ಚರ್ಮವು ಹಾಲೆಂಡಿನ ಲೈಡನ್ ನಗರದಲ್ಲಿ ಉಳಿದಿದೆ. ಹಡಗುಗಳೊಡನೆ ಬಂದಿಳಿದ ಇಲಿಗಳು, ಬೆಕ್ಕುಗಳು, ಕಾಡಿನ ನಾಶ ಇವೇ ದ್ವೀಪಗಳ ಹಕ್ಕಿಗಳಿಗೆ ಮೃತ್ಯುವಾದುವು. ತಾಹಿತಿಯ ಜನರಿಗೆ ಬೆಕ್ಕುಗಳನ್ನು ಉಡುಗೊರೆಯಾಗಿ ಕೊಟ್ಟವರಲ್ಲಿ ಕುಕ್ಕನ ಹಡಗಿನವರೂ ಸೇರಿದ್ದರು. ಹಕ್ಕಿಯ ಚಿತ್ರವನ್ನೂ ಹಕ್ಕಿಯ ಅಳಿವನ್ನೂ ಒಂದೇ ಹಡಗು ಹೊತ್ತು ಸಾಗಿತು. ಚಿತ್ರಿಸುವವನಿಗೆ ಅದು ತಿಳಿದಿರಲಿಲ್ಲ.

ಆ ಚಿತ್ರಗಳು ಬ್ಯಾಂಕ್ಸನ ಸಂಗ್ರಹದಿಂದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿ, ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಸುರಕ್ಷಿತವಾಗಿವೆ. ತಂದೆಯ ಹೆಸರು ಚಕ್ರವರ್ತಿ ಪೆಂಗ್ವಿನ್ನಿನ ವೈಜ್ಞಾನಿಕ ನಾಮದಲ್ಲಿ ಸೇರಿದೆ. ಮಗನ ಹೆಸರನ್ನು ಪೂರ್ವ ಜರ್ಮನಿಯವರು ಅಂಟಾರ್ಕ್ಟಿಕಾದ ಶಿರ್ಮಾಕರ್ ಪ್ರದೇಶದಲ್ಲಿದ್ದ ತಮ್ಮ ಸಂಶೋಧನ ಕೇಂದ್ರಕ್ಕೆ 1987ರಲ್ಲಿ ಇಟ್ಟರು. ಆ ಕೇಂದ್ರವು 1993ರಲ್ಲಿ ಮುಚ್ಚಿತು. ಅದೇ ಪ್ರದೇಶದಲ್ಲಿ ನಮ್ಮ ಭಾರತದ ಮೈತ್ರಿ ಕೇಂದ್ರವಿರುವುದನ್ನು ವಿದ್ಯಾರ್ಥಿಗಳು ಪಾಠಪುಸ್ತಕಗಳಲ್ಲಿ ಓದಿರಬಹುದು.

ಹೆಸರು ಬಂದೀತೆಂದೂ ಹಣ ಸಿಕ್ಕೀತೆಂದೂ ಲೆಕ್ಕ ಹಾಕಿ ಆ ತರುಣನು ಕುಳಿತಿದ್ದರೆ ಬಣ್ಣ ಒಣಗುವ ಮೊದಲೇ ಹಕ್ಕಿ ಕೊಳೆಯುತ್ತಿತ್ತು. ಅವನು ಕಣ್ಣ ಮುಂದಿದ್ದುದನ್ನು ಆ ಹೊತ್ತಿಗೇ, ಇದ್ದಂತೆಯೇ ಬರೆದಿಟ್ಟನು. ನಮ್ಮ ಚಂದ್ರಗಿರಿ ಹೊಳೆಯ ದಂಡೆಯಲ್ಲಿಯೂ, ಗದ್ದೆಯ ಬದುಗಳಲ್ಲಿಯೂ ಹಕ್ಕಿಗಳು ಇನ್ನೂ ಇವೆ. ಅವುಗಳಿಗೆ ನಮ್ಮ ಅಜ್ಜಿಯಂದಿರು ಇಟ್ಟ ಕನ್ನಡದ, ತುಳುವಿನ ಹೆಸರುಗಳೂ ಇನ್ನೂ ಕೆಲವರ ಬಾಯಲ್ಲಿವೆ. ಗದ್ದೆಗಳು ಮುಚ್ಚಿಹೋಗುತ್ತಿರುವ ಈ ದಿನಗಳಲ್ಲಿ ನಮ್ಮ ಶಾಲೆಯ ಮಕ್ಕಳು ಒಂದೊಂದು ಹಕ್ಕಿಯನ್ನು ನೋಡಿ ಬರೆದು, ಚಿತ್ರದ ಕೆಳಗೆ ಅದರ ನಮ್ಮ ಮಾತಿನ ಹೆಸರನ್ನೂ ದಿನಾಂಕವನ್ನೂ ಸ್ಥಳವನ್ನೂ ಕಾಣಿಸಿದರೆ, ಶಾಲೆಯು ಶತಮಾನೋತ್ಸವವನ್ನು ಆಚರಿಸುವ ಕಾಲಕ್ಕೆ ಆ ಹಾಳೆಗಳ ಬೆಲೆ ಏನೆಂಬುದು ತಿಳಿದೀತು.